ಒಂದೇ ಹೊಲಕ್ಕೆ ಮೂರು ಮಣ್ಣಿನ ಹೆಸರು: ಡೋಣಿ ಕಡೆಯ ಎರೆ ಭೂಮಿ, ಕಬ್ಬು ಹಚ್ಚಬಹುದಾ?

ಪುಣೆವಾಸಿ:

ಎಲ್ಲರಿಗೂ ನಮಸ್ಕಾರ. ಊರು ಬಸವನ ಬಾಗೇವಾಡಿ ತಾಲೂಕು, ಇರುವುದು ಪುಣೆ. ಡೋಣಿ ನದಿಯ ಕಡೆ ಇಳಿಯುವ ಇಳಿಜಾರಿನಲ್ಲಿ ನಮ್ಮದು 14 ಎಕರೆ ಉದ್ದನೆಯ ಪಟ್ಟಿ. ಮೊನ್ನೆಯವರೆಗೂ ದೊಡ್ಡಪ್ಪನೇ ನೋಡಿಕೊಳ್ಳುತ್ತಿದ್ದರು. ಈಗ ಅವರಿಗೆ ಮಂಡಿನೋವು, ಓಡಾಟ ಆಗುವುದಿಲ್ಲ. ಹಾಗಾಗಿ ಆಳುಕಾಳು, ಬೀಜ-ಗೊಬ್ಬರದ ಲೆಕ್ಕ ಎಲ್ಲ ನನ್ನ ತಲೆಗೆ ಬಂದಿದೆ. ನಾನು ಕಂಪ್ಯೂಟರ್ ಕೆಲಸದವನು. ಮಣ್ಣಿನ ಬಗ್ಗೆ ಗೊತ್ತಿರುವುದು ಹೈಸ್ಕೂಲಿನ ಭೂಗೋಳದಷ್ಟೇ.

ದೊಡ್ಡಪ್ಪನ ಟ್ರಂಕಿನಲ್ಲಿ, ಜಲಾನಯನ ಯೋಜನೆಯವರು ಬಂದಾಗ ಮಾಡಿದ ಮಣ್ಣು ಸಮೀಕ್ಷೆಯ ಪ್ರತಿ ಸಿಕ್ಕಿತು. ಒಂದೇ ಸರ್ವೆ ನಂಬರಿಗೆ ಮೂರು ಹೆಸರು ಬರೆದಿದ್ದಾರೆ. ಮೇಲಿನ ತುದಿಗೆ ‘ಲಿಥಿಕ್ ಅಸ್ಟಾರ್ಥೆಂಟ್ಸ್’, ಆಳ 30 ಸೆಂ.ಮೀ. ನಡುವಿನ ತುಂಡಿಗೆ ‘ವರ್ಟಿಕ್ ಹ್ಯಾಪ್ಲಸ್ಟೆಪ್ಟ್ಸ್’, ಆಳ 80 ಸೆಂ.ಮೀ. ಕೆಳಗೆ ಹಳ್ಳದ ಕಡೆಗೆ ‘ಫೈನ್, ಸ್ಮೆಕ್ಟೈಟಿಕ್, ಐಸೋಹೈಪರ್‌ಥರ್ಮಿಕ್, ಸೋಡಿಕ್ ಹ್ಯಾಪ್ಲಸ್ಟರ್ಟ್ಸ್’, ಆಳ 150 ಸೆಂ.ಮೀ.ಗಿಂತ ಹೆಚ್ಚು. ಇಳಿಜಾರು ಮೇಲೆ ಶೇ. 3ರಿಂದ 5, ಕೆಳಗೆ ಶೇ. 1ರ ಒಳಗೆ. ಮೇಲ್ಮಣ್ಣಿನ ಪಿಎಚ್ ಮೇಲಿನಿಂದ ಕೆಳಕ್ಕೆ 7.9, 8.3, 8.6. ಸಾವಯವ ಇಂಗಾಲ ಎಲ್ಲ ಕಡೆ ಶೇ. 0.5ರ ಆಸುಪಾಸು.

ನನ್ನ ಕಣ್ಣಿಗೆ ಮೂರೂ ಎರೆ ಮಣ್ಣೇ. ಮೇಲಿನದು ಸ್ವಲ್ಪ ಕೆಂಚು, ಕಲ್ಲು ಜಾಸ್ತಿ, ಅಷ್ಟೇ. ಮಳೆ ಬಿದ್ದ ಮೇಲೆ ಎಲ್ಲವೂ ಕಪ್ಪೇ.

ಈಗ ಕೇಳಲು ಕಾರಣ ಇದೆ. ಮುಳವಾಡ ಏತ ನೀರಾವರಿಯ ಕಾಲುವೆ ನಮ್ಮ ಕಡೆಗೂ ಬರುತ್ತದೆ ಅಂತ ಮಾತು. ಅಣ್ಣತಮ್ಮಂದಿರೆಲ್ಲ ಕಬ್ಬಿನ ಮೇಲೆ ಕಣ್ಣು ಹಾಕಿದ್ದಾರೆ. ಬೀಜದ ಕಬ್ಬು ಕೊಡುವ ದಲಾಲಿಯೊಬ್ಬ ‘ಎರಿ ಅಂದ್ರ ಬಂಗಾರ ರೀ, ಏನ್ ಹಚ್ಚಿದ್ರೂ ಬರ್ತದ’ ಅಂತಾನೆ. ದೊಡ್ಡಪ್ಪ ಮಾತ್ರ ಕೆಳಗಿನ ಹೊಲಕ್ಕೆ ನೀರು ಬಿಡುವುದೇ ಬೇಡ ಅನ್ನುತ್ತಾರೆ. ಯಾಕೆ ಅಂದರೆ ‘ಬ್ಯಾಡ ಅಂದ್ರ ಬ್ಯಾಡ’ ಅಷ್ಟೇ ಉತ್ತರ.

ಮೂರು ಹೆಸರು ಯಾಕೆ? ‘ಸೋಡಿಕ್’ ಅಂದರೆ ಚಿಂತೆ ಮಾಡಬೇಕಾ? ಕಬ್ಬು ಹಚ್ಚಬಹುದಾ? ಜೊತೆಗೆ ಒಂದು ಸಣ್ಣ ತೋಟದ ಮನೆ ಕಟ್ಟುವ ಆಸೆ ಇದೆ, ಹಳ್ಳದ ಕಡೆ ಬೇವಿನ ಮರಗಳ ನಡುವೆ. ತಿಳಿದವರು ಹೇಳಿ.

ಸ್ಪರ್ಧಾರ್ಥಿ:

ಸಮೀಕ್ಷೆ ಮಾಡಿದವರು ಸುಮ್ಮನೆ ಗೊಂದಲ ಮಾಡಿದ್ದಾರೆ. ವಿಜಯಪುರ ಜಿಲ್ಲೆಯ ಬಹುಭಾಗ ದಖ್ಖನ್ ಲಾವಾ ಪ್ರದೇಶ. ಲಾವಾ ಶಿಲೆ ಸವೆದರೆ ಕಪ್ಪು ಮಣ್ಣು. ರೆಗರ್ ಅಂತಲೂ ಕರೆಯುತ್ತಾರೆ, ಹತ್ತಿಗೆ ಹೇಳಿ ಮಾಡಿಸಿದ್ದು. ಶಿಲೆ ಒಂದೇ ಅಂದ ಮೇಲೆ ಮಣ್ಣೂ ಒಂದೇ. ಬಣ್ಣ ಕಪ್ಪಿರುವುದು ಅದರಲ್ಲಿರುವ ಹ್ಯೂಮಸ್‌ನಿಂದ, ಅಂದರೆ ಫಲವತ್ತತೆ ಜಾಸ್ತಿ. ಧೈರ್ಯವಾಗಿ ಕಬ್ಬು ಹಚ್ಚಿ.

ಗುಂಡಿಮಾಸ್ತರ:

ಸ್ಪರ್ಧಾರ್ಥಿಯವರೇ, ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕ ಬರುತ್ತದೆ, ಹೊಲದಲ್ಲಿ ಬರುವುದಿಲ್ಲ. ಬೇಜಾರಾಗಬೇಡಿ.

ನಾನು ಮಣ್ಣು ಸಮೀಕ್ಷೆಯಲ್ಲೇ ತಲೆ ನೆರೆಸಿಕೊಂಡವನು, ಈಗ ನಿವೃತ್ತಿಯಾಗಿ ಧಾರವಾಡದಲ್ಲಿದ್ದೇನೆ. ಗುಂಡಿ ತೋಡಿಸುವುದು, ಅದರೊಳಗೆ ಇಳಿದು ಚಾಕುವಿನಿಂದ ಗೋಡೆ ಕೆದಕುವುದು, ಇದೇ ನನ್ನ ಉದ್ಯೋಗವಾಗಿತ್ತು. ಅದಕ್ಕೇ ಈ ಹೆಸರು.

ಮೊದಲು ಶಿಲೆಯ ಮಾತು. ಬಾಗೇವಾಡಿ ಕಡೆ ಕೆಳಗಿರುವುದು ಬಸಾಲ್ಟ್, ಅದು ನಿಜ. ಸುಮಾರು 6.6 ಕೋಟಿ ವರ್ಷ ಹಿಂದೆ ಪದರಪದರವಾಗಿ ಹರಿದ ಲಾವಾ. ಆದರೆ ಕಪ್ಪು ಮಣ್ಣಿಗೆ ಬಸಾಲ್ಟೇ ಆಗಬೇಕು ಅಂತಿಲ್ಲ. ಬಳ್ಳಾರಿ ಬಯಲಿನ ಎರೆಯ ಕೆಳಗೆ ನೈಸ್ ಶಿಲೆ ಇದೆ, ಶಹಾಬಾದ ಕಡೆ ಸುಣ್ಣದ ಕಲ್ಲಿನ ಮೇಲೆ ಎರೆ ಕೂತಿದೆ. ಅಮೆರಿಕದ ಟೆಕ್ಸಾಸಿನಲ್ಲಿ ‘ಹ್ಯೂಸ್ಟನ್ ಬ್ಲ್ಯಾಕ್’ ಅಂತ ಹೆಸರಾದ ಮಣ್ಣಿದೆ, ಅದು ಸುಣ್ಣ ಬೆರೆತ ಜೇಡಿಯಿಂದ ಆದದ್ದು. ಸುಡಾನಿನ ಗೆಜೀರಾ ಬಯಲಿನದು ನೀಲಿ ನೈಲ್ ನದಿ ತಂದು ಹಾಕಿದ್ದು. ಇವೆಲ್ಲ ನಿಮ್ಮ ಕೆಳಗಿನ ಹೊಲದ ಬಂಧುಗಳೇ.

ಹಾಗೆಯೇ ಶಿಲೆ ಒಂದೇ ಇದ್ದರೂ ಮಣ್ಣು ಬೇರೆಯಾಗುತ್ತದೆ. ನಿಮ್ಮ ಹೊಲವೇ ಸಾಕ್ಷಿ.

ಬಣ್ಣ ನೋಡಿ ಮರುಳಾಗಬೇಡಿ. ನಿಮ್ಮ ವರದಿಯಲ್ಲೇ ಸಾವಯವ ಇಂಗಾಲ ಅರ್ಧ ಪರ್ಸೆಂಟ್ ಅಂತ ಇದೆ. ಅಷ್ಟು ಕಡಿಮೆ ಇದ್ದೂ ಕಪ್ಪಗೆ ಕಾಣುವುದು ಯಾಕಂದರೆ, ಇರುವ ಚೂರುಪಾರು ಹ್ಯೂಮಸ್ಸು ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಎಲ್ಲ ಕಡೆ ಲೇಪವಾಗಿದೆ. ಕಪ್ಪು ಅಂದ ಮಾತ್ರಕ್ಕೆ ಸಾರಜನಕ ಇದೆ ಅಂತ ಅರ್ಥ ಅಲ್ಲ. ಎರೆಯಲ್ಲಿ ಸಾರಜನಕ ಕಡಿಮೆ, ಸತುವಿನ ಕೊರತೆಯೂ ಸಾಮಾನ್ಯ. ನಾವು ವರ್ಗೀಕರಣ ಮಾಡುವಾಗ ‘ವರ್ಟಿಸಾಲ್’ ಅನ್ನುವ ಗಣಕ್ಕೆ ಸೇರಿಸಲು ಬಣ್ಣವನ್ನು ಕೇಳುವುದೇ ಇಲ್ಲ. ಬಳಸುವ ಪದ್ಧತಿ ಅಮೆರಿಕದ ಕೃಷಿ ಇಲಾಖೆಯದು, 1975ರಲ್ಲಿ ಪುಸ್ತಕವಾಗಿ ಬಂತು, 1999ರಲ್ಲಿ ಪರಿಷ್ಕರಣೆ ಆಯಿತು. ಅದರಲ್ಲಿ ಒಟ್ಟು 12 ಗಣ. ವರ್ಟಿಸಾಲ್ ಅನ್ನಿಸಿಕೊಳ್ಳಬೇಕಾದರೆ ಜೇಡಿ ಕನಿಷ್ಠ ಶೇ. 30 ಇರಬೇಕು, ವರ್ಷದಲ್ಲಿ ಬಿರುಕು ಬಿಟ್ಟು ಮತ್ತೆ ಮುಚ್ಚಬೇಕು, ಮತ್ತು ಮೇಲಿನ 1 ಮೀಟರಿನೊಳಗೆ ಕನಿಷ್ಠ 25 ಸೆಂ.ಮೀ. ದಪ್ಪದ ಒಂದು ಪದರದಲ್ಲಿ ಮಣ್ಣು ಒಂದರ ಮೇಲೊಂದು ಜಾರಿ ಉಜ್ಜಿದ ಗುರುತು ಸಿಗಬೇಕು. ಅಂದರೆ ಮಣ್ಣಿನ ರೂಪಕ್ಕಿಂತ ಅದರ ನಡವಳಿಕೆಯೇ ಇಲ್ಲಿ ಮುಖ್ಯ.

ಆ ಉಜ್ಜಿದ ಗುರುತು ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕಂದರೆ ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಏಪ್ರಿಲ್-ಮೇನಲ್ಲಿ ಎರೆ ಹೊಲದಲ್ಲಿ ಗುಂಡಿ ತೋಡಿಸಿ. ಮೇಲೆ ಒಂದೆರಡು ಇಂಚು ಹುಡಿ ಹುಡಿ ಕಾಳು, ಕೈಯಲ್ಲಿ ಹಿಡಿದರೆ ಜಾರುತ್ತದೆ. ಅದರ ಕೆಳಗೆ ಬಿರುಕುಗಳು ದೊಡ್ಡ ದೊಡ್ಡ ಕಂಬಗಳಾಗಿ ಮಣ್ಣನ್ನು ಸೀಳಿರುತ್ತವೆ, ಮೇಲಿನ ಹುಡಿ ಅದರೊಳಗೆ ಸುರಿದಿರುತ್ತದೆ. ಎರಡು ಅಡಿ ದಾಟಿದ ಮೇಲೆ ಹೆಂಟೆಯ ಆಕಾರವೇ ಬದಲು: ಎರಡು ಕಡೆ ಚೂಪಾಗಿ, ನಡುವೆ ದಪ್ಪಗೆ, ಬೆಣೆಯ ಹಾಗೆ, ಓರೆಯಾಗಿ ಮಲಗಿರುತ್ತದೆ. ಚಾಕುವಿನ ತುದಿಯಿಂದ ಮೀಟಿ ತೆಗೆದರೆ ಒಳಮುಖ ಎಣ್ಣೆ ಹಚ್ಚಿ ಒರೆಸಿದ ಕಡಪಾ ಕಲ್ಲಿನ ಹಾಗೆ ಮಿರಮಿರ ಅನ್ನುತ್ತದೆ, ಮೇಲೆ ಸಣ್ಣ ಸಣ್ಣ ಗೀರು. ಮಳೆಗಾಲದಲ್ಲಿ ಜೇಡಿ ಉಬ್ಬಿದಾಗ ಪಕ್ಕಕ್ಕೆ ಜಾಗ ಇರುವುದಿಲ್ಲ. ಮೇಲೆ ಮಾತ್ರ ಜಾಗ. ಹಾಗಾಗಿ ಓರೆಯಾಗಿ ಮೇಲಕ್ಕೆ ನೂಕಿಕೊಂಡು, ಹೆಂಟೆಗೆ ಹೆಂಟೆ ತಿಕ್ಕಿ ಆ ಹೊಳಪು ಬಂದಿರುತ್ತದೆ.

ಉಬ್ಬುವುದಕ್ಕೆ ಕಾರಣ ‘ಸ್ಮೆಕ್ಟೈಟ್’ ಅನ್ನುವ ಜೇಡಿ ಖನಿಜ. ಅದರ ಹಾಳೆಗಳ ನಡುವಿನ ಹಿಡಿತ ಸಡಿಲ, ನೀರು ಒಳಗೆ ನುಗ್ಗಿ ಹಾಳೆಗಳನ್ನು ದೂರ ಮಾಡುತ್ತದೆ. ಒಣಗಿದರೆ ಮತ್ತೆ ಒತ್ತಿಕೊಳ್ಳುತ್ತವೆ. ಮೇಲಿನ ಮಣ್ಣು ಬಿರುಕಿನೊಳಗೆ ಬಿದ್ದು ಬಿದ್ದು ಇಡೀ ಮಣ್ಣೇ ತಿರುವಿ ಬೀಳುತ್ತದೆ ಅಂತ ಹಳೆಯ ಪಾಠ. ಸ್ವಲ್ಪ ಮಟ್ಟಿಗೆ ಸರಿ, ಆದರೆ ಉತ್ಪ್ರೇಕ್ಷೆ. ಪೂರ್ತಿ ತಿರುವುತ್ತಿದ್ದರೆ ಇಂಗಾಲ ಮೇಲಿನಿಂದ ಕೆಳಕ್ಕೆ ಕಡಿಮೆಯಾಗುತ್ತಿರಲಿಲ್ಲ, ಸುಣ್ಣದ ಗಂಟುಗಳು ಕೆಳಗೇ ಹೆಚ್ಚು ಸೇರುತ್ತಿರಲಿಲ್ಲ.

ಇನ್ನು ಮೂರು ಹೆಸರು. ಮೇಲಿನ ತುದಿ ನೀವು ಊರಲ್ಲಿ ‘ಮಡ್ಡಿ’ ಅನ್ನುವ ಜಾಗ. ಇಳಿಜಾರು ಜಾಸ್ತಿ, ಮಣ್ಣು ನಿಲ್ಲುವುದಿಲ್ಲ, ಹುಟ್ಟಿದ್ದು ಹುಟ್ಟಿದ ಹಾಗೆ ತೊಳೆದು ಹೋಗುತ್ತದೆ. 50 ಸೆಂ.ಮೀ. ಒಳಗೇ ಗಟ್ಟಿ ಬಂಡೆ ಸಿಕ್ಕರೆ ‘ಲಿಥಿಕ್’. ನಡುವಿನದು ಬಿರುಕು ಬಿಡುತ್ತದೆ, ಆದರೆ ಉಜ್ಜಿದ ಪದರ ಬೇಕಾದಷ್ಟು ದಪ್ಪ ಸಿಕ್ಕಿರಲಿಕ್ಕಿಲ್ಲ. ಅದಕ್ಕೇ ವರ್ಟಿಸಾಲ್ ಆಗದೆ ‘ವರ್ಟಿಕ್’ ಅನ್ನುವ ವಿಶೇಷಣ ಮಾತ್ರ ಸಿಕ್ಕಿದೆ. ಕೆಳಗಿನದು ಅಸಲಿ. ಬಿರುಕು ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ತೆರೆದಿರುವ ವರ್ಟಿಸಾಲ್‌ಗಳು ‘ಅಸ್ಟರ್ಟ್’. ‘ಫೈನ್’ ಅಂದರೆ, ವರ್ಟಿಸಾಲ್‌ಗಳಲ್ಲಿ, ಜೇಡಿ ಶೇ. 30ರಿಂದ 60ರ ನಡುವೆ. ‘ಐಸೋಹೈಪರ್‌ಥರ್ಮಿಕ್’ ಅಂದರೆ ಅರ್ಧ ಮೀಟರ್ ಆಳದಲ್ಲಿ ಮಣ್ಣಿನ ವಾರ್ಷಿಕ ಸರಾಸರಿ ಉಷ್ಣತೆ 22 ಡಿಗ್ರಿ ಅಥವಾ ಹೆಚ್ಚು, ಬೇಸಿಗೆ-ಚಳಿಗಾಲದ ವ್ಯತ್ಯಾಸ 6 ಡಿಗ್ರಿಗಿಂತ ಕಡಿಮೆ. ಅದರ ಚಿಂತೆ ನಿಮಗೆ ಬೇಡ.

ತಗ್ಗಿನಲ್ಲಿ ಇಷ್ಟು ಆಳ ಹೇಗೆ ಬಂತು? ಸುಮಾರು 600 ಮಿ.ಮೀ. ಮಳೆಯಲ್ಲಿ ಇಷ್ಟು ಸ್ಮೆಕ್ಟೈಟ್ ಇಲ್ಲೇ ಹುಟ್ಟುವುದು ಕಷ್ಟ. ಹಿಂದಿನ ಹೆಚ್ಚು ತೇವದ ಕಾಲದಲ್ಲಿ ಬಸಾಲ್ಟ್ ಕೊಳೆತು ಆದ ಜೇಡಿ ಎತ್ತರದಿಂದ ತೊಳೆದು ಬಂದು ಬಯಲಿನಲ್ಲಿ ತಂಗಿದೆ ಅನ್ನುವುದು ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯವರ ಅಧ್ಯಯನಗಳ ವಾದ. ನನಗೂ ಅದೇ ಸರಿ ಕಾಣುತ್ತದೆ. ಮಡ್ಡಿಯ ಮಣ್ಣೇ ನಿಮ್ಮ ಹಳ್ಳದ ಹೊಲದಲ್ಲಿ ಕೂತಿದೆ ಅನ್ನಿ. ಮಣ್ಣಿನ ಜೊತೆ ಕರಗಿದ ಉಪ್ಪೂ ಇಳಿದು ಬಂದಿದೆ.

‘ಸೋಡಿಕ್’ ಮತ್ತು ಕಬ್ಬಿನ ಬಗ್ಗೆ ಈಗಲೇ ಹೇಳುವುದಿಲ್ಲ. ಮೊದಲು ಒಂದು ಕೆಲಸ ಮಾಡಿ. ಕೆಳಗಿನ ಹೊಲದಲ್ಲಿ ಐದು ಅಡಿ ಗುಂಡಿ ತೋಡಿಸಿ. ಅರ್ಧ ಅಡಿಯಲ್ಲಿ ಒಂದು, ಮೂರು ಅಡಿಯಲ್ಲಿ ಒಂದು, ಕಡಲೆ ಕಾಳಿನಷ್ಟು ಒಣ ಹೆಂಟೆ ತೆಗೆಯಿರಿ. ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕುವ ನೀರು ಸಿಗುತ್ತದಲ್ಲ, ಅದನ್ನು ಎರಡು ಗಾಜಿನ ಲೋಟಕ್ಕೆ ಹಾಕಿ, ಹೆಂಟೆ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ಬೋರಿನ ನೀರಾಗಲಿ ನಳದ ನೀರಾಗಲಿ ನಡೆಯುವುದಿಲ್ಲ, ಅದರ ಉಪ್ಪು ಫಲಿತಾಂಶ ಕೆಡಿಸುತ್ತದೆ. ಮರುದಿನ ನೋಡಿ ಇಲ್ಲಿ ಬರೆಯಿರಿ.

ಮಾಲದಂಡಿ:

ಮಾಸ್ತರು ಹೇಳಿದ್ದು ಖರೇ ಐತಿ. ನಮ್ಮದೂ ವಿಜಯಪುರ ಕಡಿನ, ಸ್ವಲ್ಪ ಮಡ್ಡಿ ಐತಿ, ಸ್ವಲ್ಪ ಎರಿ ಐತಿ. ಪುಸ್ತಕದ ಹೆಸರು ನಮಗ ತಿಳಿಯಂಗಿಲ್ಲ, ಆದ್ರ ಮಡ್ಡ್ಯಾಗ ಮುಂಗಾರಿ, ಎರ್ಯಾಗ ಹಿಂಗಾರಿ, ಇದು ನಮ್ಮ ಮುತ್ಯಾನ ಕಾಲದಿಂದ ನಡದದ್ದು. ಮಡ್ಡ್ಯಾಗ ನೀರು ನಿಂದ್ರಂಗಿಲ್ಲ, ಅದಕ ಜೂನ್-ಜುಲೈ ಮಳಿಗಿ ಸಜ್ಜಿ, ಹೆಸರು, ತೊಗರಿ. ಎರ್ಯಾಗ ಆ ಮಳಿಗಿ ಬಿತ್ತಾಕ ಹೋದ್ರ ಎತ್ತಿನ ಕಾಲು ಹುಗಿತಾವ, ಕೂರಿಗಿ ಕಾಳು ಬಿಡಂಗಿಲ್ಲ. ಬಾಳ ಹಸಿ ಇದ್ರೂ ಆಗಂಗಿಲ್ಲ, ಒಣಗಿದ್ರೂ ಆಗಂಗಿಲ್ಲ. ಹದ ಅನ್ನೋದು ನಡುವ ಎರಡ್ಮೂರು ದಿನ ಇರತೈತಿ, ಅಷ್ಟರಾಗ ಮುಗಸಬೇಕು.

ಅದಕ ಮಳಿಗಾಲ ಪೂರ್ತಿ ಹೊಲ ಬಿಟ್ಟು, ಕಸ ಬಂದಂಗ ಕುಂಟಿ ಹೊಡೀತೀವಿ. ಚೌಕು ಮಡಿ ಮಾಡಿ ನೀರು ನಿಂದ್ರಸತೀವಿ, ವಿಜಯಪುರದ ಒಣಬೇಸಾಯ ಕೇಂದ್ರದವರು ಹೇಳಿಕೊಟ್ಟಿದ್ದು, ಚಲೋ ಐತಿ. ಉತ್ತರಿ, ಹಸ್ತ ಮಳಿ ಬಿದ್ದ ಮ್ಯಾಲ ಬಿಳಿಜೋಳ, ಕಡ್ಲಿ, ಬದುವಿನ ಬಾಜೂಕ ಕುಸುಬಿ. ಕುಸುಬಿ ಮುಳ್ಳಿಗಿ ದನ ಒಳಗ ಬರಂಗಿಲ್ಲ. ಬಿತ್ತಿದ ಮ್ಯಾಲ ಮಳಿ ಬರಲಿಲ್ಲಂದ್ರೂ ಜೋಳ ಬರತೈತಿ, ನೆಲದಾಗಿನ ಹಸಿ ಮ್ಯಾಲ, ರಾತ್ರಿ ಇಬ್ಬನಿ ಮ್ಯಾಲ. ‘ಡೋಣಿ ಬೆಳೆದರ ಓಣೆಲ್ಲ ಜೋಳ’ ಅಂತ ಸುಮ್ನ ಅಂದಿಲ್ಲ.

ಒಂದು ಮಾತು ಹೇಳತೀನಿ ಪುಣೆದವರಿಗೆ. ಡಿಸೆಂಬರದಾಗ ಜೋಳ ಮೊಣಕಾಲು ದಾಟಿದಾಗ ನೆಲ ಬಿರೀತೈತಿ. ಆವಾಗ ಸಾಲಿನ ನಡುವ ಎಡಿಕುಂಟಿ ಹೊಡಿಯೋದು ತಪ್ಪಸಬ್ಯಾಡ್ರಿ. ಕಸ ಇಲ್ಲಂದ್ರೂ ಹೊಡೀಬೇಕು. ಎಡಿಕುಂಟಿ ಹುಡಿ ಮಣ್ಣು ಬಿರುಕಿನ್ಯಾಗ ತುಂಬತೈತಿ, ಒಳಗಿನ ಹಸಿ ಉಳೀತೈತಿ, ಬೇರು ಹರಿಯೂದು ತಪ್ಪತೈತಿ. ಈಗಿನ ಹುಡುಗರು ಕಸದ ಔಷಧ ಹೊಡದು ಎಡಿ ಬಿಟ್ಟಾರ, ಫೆಬ್ರುವರಿಗೆ ತೆನಿ ಜೊಳ್ಳು ಬಂದ ಮ್ಯಾಲ ನಮ್ಮ ಮಾರಿ ನೋಡತಾರ.

ಮತ್ತ ನಿಮ್ಮ ಮಡ್ಡಿನ ಕೀಳ ತಿಳಿಬ್ಯಾಡ್ರಿ. ತಿಕೋಟಾ, ಬಬಲೇಶ್ವರ ಕಡಿ ದ್ರಾಕ್ಷಿ, ಇಂಡಿ ಕಡಿ ಲಿಂಬಿ ಎಲ್ಲಾ ಯಾಕ ಹಗುರ ನೆಲಾ ಹುಡುಕತಾರ? ಬೇರಿಗಿ ಗಾಳಿ ಬೇಕು, ನೀರು ಇಳೀಬೇಕು. ಡ್ರಿಪ್ ಹಾಕಿ ಗೊಬ್ಬರ ನೀರಿನ್ಯಾಗ ಬಿಟ್ರ ಮಡ್ಡಿ ಕೇಳಿದಂಗ ಕುಣೀತೈತಿ. ಮೊದಲ ಕಾಲಕ್ಕ ಮಡ್ಡಿ ಅಂದ್ರ ಹೆಣ್ಣ ಕೊಡತಿದ್ದಿಲ್ಲ, ಈಗ ಅಲ್ಲೇ ರೇಟ ಜಾಸ್ತಿ.

ಸೈಟ್_ಇಂಜಿನಿಯರ್:

ಮನೆಯ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. ಬೇವಿನ ಮರಗಳ ನಡುವೆ ಕಟ್ಟಬೇಡಿ. ಮರದ ಬೇರು ಒಂದು ಕಡೆ ತೇವ ಹೀರುತ್ತದೆ, ಬಚ್ಚಲ ನೀರು ಇನ್ನೊಂದು ಕಡೆ ಇಂಗುತ್ತದೆ, ಒಂದು ಮೂಲೆ ಕುಸಿದು ಇನ್ನೊಂದು ಏಳುತ್ತದೆ. ಮೂರನೇ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಶುರು.

ನಮ್ಮ ವರ್ಗೀಕರಣ ಮಾಸ್ತರರದಕ್ಕಿಂತ ಒರಟು. ಎರೆ ನಮಗೆ ‘ಸಿಎಚ್’, ದ್ರವ ಮಿತಿ, ಅಂದರೆ ಮಣ್ಣು ಹರಿಯುವಂತಾಗಲು ಬೇಕಾದ ನೀರಿನ ಶೇಕಡಾ ಪ್ರಮಾಣ, 50 ದಾಟಿದ ಜೇಡಿ. ಅದಕ್ಕಿಂತ ನನಗೆ ಇಷ್ಟವಾದದ್ದು ಸೀಮೆಎಣ್ಣೆ ಪರೀಕ್ಷೆ. 100 ಮಿ.ಲೀ.ನ ಎರಡು ಅಳತೆ ಕೊಳವೆ. ಒಣಗಿಸಿ ಜರಡಿ ಹಿಡಿದ ಮಣ್ಣು ಒಂದೊಂದಕ್ಕೂ 10 ಗ್ರಾಂ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಒಳಗಿನ ಗಾಳಿ ಬಿಡಿಸಿ, 24 ತಾಸು ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ತೆಪ್ಪಗೆ ತಳದಲ್ಲಿ ಕೂತಿರುತ್ತದೆ. ನೀರಿನ ಕೊಳವೆಯಲ್ಲಿ ಮೇಲೇರಿರುತ್ತದೆ. ಸೀಮೆಎಣ್ಣೆಯಲ್ಲಿ 12, ನೀರಿನಲ್ಲಿ 24 ಅಂತ ಓದಿದರೆ ಉಬ್ಬುವ ಸೂಚ್ಯಂಕ ನೂರಕ್ಕೆ ನೂರು. 50 ದಾಟಿದರೇ ನಾವು ಎಚ್ಚರ ವಹಿಸುತ್ತೇವೆ.

ಎರೆಯಲ್ಲೇ ಕಟ್ಟಬೇಕಾದರೆ ದಾರಿ ಇಲ್ಲದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿದ, ಬುಡದಲ್ಲಿ ಉಬ್ಬು ಇರುವ ಪೈಲ್ (ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಇದೆ. ತೇವ ಏರಿಳಿತ ನಿಲ್ಲುವ ಆಳಕ್ಕೆ, ಸಾಧಾರಣವಾಗಿ ಮೂರೂವರೆ ಮೀಟರ್, ಇಳಿಸಿ ಅಲ್ಲಿ ಗಟ್ಟಿ ಹಿಡಿಸುವುದು. ಇನ್ನೊಂದು, ಉಬ್ಬದ ಅಂಟು ಮಣ್ಣಿನ ಮೆತ್ತೆ ಹಾಕುವುದು. ಐಐಟಿ ಬಾಂಬೆಯ ಆರ್. ಕೆ. ಕಟ್ಟಿಯವರು ಇದರ ಮೇಲೆ ಕೆಲಸ ಮಾಡಿದ್ದರು, ಮಲಪ್ರಭಾ ಕಾಲುವೆಯಲ್ಲಿ ಬಳಸಿದ್ದಾರೆ. ಎರಡಕ್ಕೂ ದುಡ್ಡು ಬೇಕು. ನಿಮಗೆ ಯಾಕೆ ಆ ಉಸಾಬರಿ? ನಿಮ್ಮದೇ ಹೊಲದ ಮೇಲ್ತುದಿಯಲ್ಲಿ ಒಂದಡಿಗೆ ಬಂಡೆ ಇದೆ ಅಂತ ವರದಿಯೇ ಹೇಳುತ್ತಿದೆ. ಅಲ್ಲಿ ಕಟ್ಟಿ. ಗಾಳಿಯೂ ಚೆನ್ನಾಗಿರುತ್ತದೆ, ಡೋಣಿ ಬಯಲೂ ಕಾಣುತ್ತದೆ.

ಪುಣೆವಾಸಿ:

ಮನೆ ಮಡ್ಡಿಯ ಮೇಲೇ, ತೀರ್ಮಾನ ಆಯಿತು. ಮನೆಯವಳಿಗೂ ಒಪ್ಪಿಗೆ.

ಮಾಸ್ತರ ಸರ, ವಾರಾಂತ್ಯಕ್ಕೆ ಊರಿಗೆ ಹೋಗಿದ್ದೆ. ಜೆಸಿಬಿಯಿಂದ ಗುಂಡಿ ತೋಡಿಸಿದೆ. ಗೋಡೆ ಪೂರ್ತಿ ನೀವು ಹೇಳಿದ ಹಾಗೆ ಹೊಳೆಯುತ್ತಿದೆ, ಮೇಲಿನಿಂದ ಕೆಳಗಿನವರೆಗೂ! ನಾಲ್ಕು ಅಡಿಯ ಹತ್ತಿರ ಬಿಳಿ ಗಂಟುಗಳು, ಲಿಂಬೆಹುಳಿ ಹಿಂಡಿದರೆ ಸಣ್ಣಗೆ ನೊರೆ ಬಂತು. ಬಿರುಕಿನಲ್ಲಿ ಕಬ್ಬಿಣದ ಸಲಾಕೆ ಇಳಿಸಿದರೆ ನನ್ನ ಸೊಂಟದಷ್ಟು ಉದ್ದ ಒಳಗೆ ಹೋಯಿತು.

ಲೋಟದ ಪರೀಕ್ಷೆ: ಅರ್ಧ ಅಡಿಯ ಹೆಂಟೆ ಸ್ವಲ್ಪ ಹೊತ್ತಿನಲ್ಲೇ ಕುಸಿದು ಪುಡಿಪುಡಿ ಆಯಿತು, ಆದರೆ ನೀರು ಮರುದಿನವೂ ತಿಳಿಯಾಗೇ ಇತ್ತು. ಮೂರು ಅಡಿಯ ಹೆಂಟೆ ಅಷ್ಟು ಬೇಗ ಕುಸಿಯಲಿಲ್ಲ, ಆದರೆ ಬೆಳಗ್ಗೆ ನೋಡಿದರೆ ಅದರ ಸುತ್ತ ಹಾಲು ಬೆರೆಸಿದ ಹಾಗೆ ಬೂದು ಮಬ್ಬು, ಲೋಟದ ತಳ ಕಾಣುತ್ತಿರಲಿಲ್ಲ. ದೊಡ್ಡಪ್ಪ ನೋಡಿ ‘ಹೇಳಿದ್ನಿಲ್ಲ?’ ಅಂದು ಒಳಗೆ ಹೋದರು.

ಇದಕ್ಕೆ ಜಿಪ್ಸಂ ಹಾಕಿದರೆ ಸರಿ ಹೋಗುತ್ತದೆ ಅಂತ ಗೊಬ್ಬರದಂಗಡಿಯಲ್ಲಿ ಹೇಳಿದರು. ಹಾಕಿ ಕಬ್ಬು ಹಚ್ಚಬಹುದಾ?

ಗುಂಡಿಮಾಸ್ತರ:

ಮೇಲಿನಿಂದ ಕೆಳಗಿನವರೆಗೂ ಹೊಳೆದರೆ ಅದು ಜೆಸಿಬಿ ಬಕೆಟ್ಟು ಸವರಿದ ಹೊಳಪು. ಗೋಡೆಯನ್ನು ಒಂದು ಗೇಣು ಅಗಲಕ್ಕೆ ಚಾಕುವಿನಿಂದ ಮೀಟಿ ಹಿಂದಕ್ಕೆ ಸರಿಸಿ. ಹೆಂಟೆ ತಾನಾಗಿ ಬಿಟ್ಟುಕೊಂಡ ಜಾಗದಲ್ಲಿ, ಓರೆ ಮುಖದ ಮೇಲೆ, ಗೀರು ಸಮೇತ ಹೊಳೆದರೆ ಮಾತ್ರ ಲೆಕ್ಕ. ಎರಡು ಅಡಿಯ ಕೆಳಗೆ ಸಿಕ್ಕೇ ಸಿಗುತ್ತದೆ ನಿಮ್ಮಲ್ಲಿ.

ಲೋಟ ಎಲ್ಲ ಹೇಳಿಬಿಟ್ಟಿದೆ. ಹೆಂಟೆ ಕುಸಿಯುವುದು ರೋಗ ಅಲ್ಲ. ಒಣ ಎರೆಗೆ ನೀರು ತಾಗಿದರೆ ಅದು ಬಿರಿದು ಕಾಳಾಗುತ್ತದೆ, ಒಳ್ಳೆಯದೇ. ಮಬ್ಬು ಬರುವುದು ರೋಗ. ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ನೀರಿನಲ್ಲಿ ತೇಲುತ್ತಿವೆ ಅಂತ ಅರ್ಥ. ಸೋಡಿಯಂ ಹೆಚ್ಚಾದರೆ ಹೀಗೆ. ಹೊಲದಲ್ಲಿ ಅದೇ ಕಣಗಳು ಸಂದುಗಳಲ್ಲಿ ಸಿಕ್ಕಿಕೊಂಡು ದಾರಿ ಮುಚ್ಚುತ್ತವೆ, ನೀರೂ ಇಳಿಯುವುದಿಲ್ಲ, ಗಾಳಿಯೂ ಆಡುವುದಿಲ್ಲ. ಒಳ್ಳೆಯ ಎರೆಯಲ್ಲೇ ಬಿರುಕು ಮುಚ್ಚಿದ ಮೇಲೆ ನೀರು ಇಳಿಯುವುದು ಗಂಟೆಗೆ 1 ಮಿ.ಮೀ.ಗಿಂತಲೂ ಕಡಿಮೆ. ಇಲ್ಲಿ ಅದೂ ಇಲ್ಲ.

‘ಸೋಡಿಕ್’ ಅಂತ ಬರೆಯಬೇಕಾದರೆ ಮೇಲಿನ 1 ಮೀಟರಿನೊಳಗೆ ಎಲ್ಲಾದರೂ ಒಂದು ಪದರದಲ್ಲಿ, ಜೇಡಿಗೆ ಅಂಟಿದ ಧಾತುಗಳ ಪೈಕಿ ಸೋಡಿಯಂ ಶೇ. 15 ಅಥವಾ ಹೆಚ್ಚು ಇರಬೇಕು. ಇದನ್ನೇ ಇಎಸ್‌ಪಿ ಅನ್ನುವುದು. ನಮ್ಮ ಎರೆಯಲ್ಲಿ 15 ತಲುಪುವುದಕ್ಕೆ ಬಹಳ ಮೊದಲೇ ನೀರು ಇಳಿಯುವುದು ಕೆಡುತ್ತದೆ ಅನ್ನುವುದು ನಾಗಪುರದವರು ತೋರಿಸಿದ್ದು. ನಿಮ್ಮ ವರದಿಯ ಪಿಎಚ್ 8.6 ಮೇಲಿನ ಆರು ಇಂಚಿನ ಮಣ್ಣಿನದು. ಎಲ್ಲ ಪ್ರಯೋಗಾಲಯದವರೂ ಆರೇ ಇಂಚು ತರಲು ಹೇಳುತ್ತಾರೆ. ಈ ಮಣ್ಣಿನ ರೋಗ ಇರುವುದು ಅದರ ಕೆಳಗೆ. ನನ್ನ ವೃತ್ತಿಯುದ್ದಕ್ಕೂ ಜಗಳ ಆಡಿದ್ದು ಇದಕ್ಕೇ.

ಸುಣ್ಣದ ಗಂಟು ಇಷ್ಟಿದೆಯಲ್ಲ, ಕ್ಯಾಲ್ಸಿಯಂ ಯಾಕೆ ಸೋಡಿಯಂ ಓಡಿಸುವುದಿಲ್ಲ ಅಂತ ಕೇಳಬಹುದು. ಇಷ್ಟು ಪಿಎಚ್‌ನಲ್ಲಿ ಸುಣ್ಣ ಕರಗುವುದಿಲ್ಲ, ಗಂಟಾಗಿ ಕೂತಿರುತ್ತದೆ. ತಿರುಗಿ ನೋಡಿದರೆ, ಕರಗಿದ ಕ್ಯಾಲ್ಸಿಯಂ ಸುಣ್ಣವಾಗಿ ಗಟ್ಟಿಯಾದದ್ದರಿಂದಲೇ ಸೋಡಿಯಂಗೆ ಜಾಗ ಸಿಕ್ಕಿದ್ದು. ಜಿಪ್ಸಂ ಕರಗುತ್ತದೆ, ಅದಕ್ಕೇ ಅದನ್ನು ಹೇಳುವುದು. ಆದರೆ ಜಿಪ್ಸಂ ಸೋಡಿಯಂ ಅನ್ನು ಜೇಡಿಯಿಂದ ಬಿಡಿಸುತ್ತದೆ ಅಷ್ಟೇ, ಹೊಲದಿಂದ ಹೊರಗೆ ಹಾಕುವುದಿಲ್ಲ. ಹೊರಗೆ ಹಾಕಬೇಕಾದದ್ದು ನೀರು, ಆ ನೀರಿಗೆ ಹೋಗಲು ಬಸಿಗಾಲುವೆ ಬೇಕು. ಬಸಿಗಾಲುವೆ ಇಲ್ಲದೆ ಜಿಪ್ಸಂ ಚೆಲ್ಲಿದರೆ ಅಂಗಡಿಯವನಿಗೆ ಲಾಭ.

ಈಗ ಕಬ್ಬು. ಕೆಳಗಿನ ಹೊಲಕ್ಕೆ ಬೇಡ. ಕಬ್ಬು ವರ್ಷಕ್ಕೆ 1500ರಿಂದ 2500 ಮಿ.ಮೀ. ನೀರು ಕೇಳುವ ಬೆಳೆ. ಶೇ. 1 ಇಳಿಜಾರಿನ, ನೀರು ಇಳಿಯದ ತಗ್ಗಿನಲ್ಲಿ ಅಷ್ಟು ನೀರು ಬಿಟ್ಟರೆ ಮೂರು ಅಡಿಯ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತದೆ. ಮೇಲಿನ ಹೊಲದವರು ಬಿಟ್ಟ ನೀರೂ ಬಸಿದು ನಿಮ್ಮಲ್ಲಿಗೇ ಬಂದು ಸೇರುತ್ತದೆ. ಡೋಣಿಯ ನೀರೇ ಉಪ್ಪು ಅನ್ನುವುದು ನಿಮ್ಮ ಊರಿನ ಹುಡುಗರಿಗೂ ಗೊತ್ತು. ತುಂಗಭದ್ರಾ, ಮಲಪ್ರಭಾ, ಕೃಷ್ಣಾ, ಮೂರೂ ಅಚ್ಚುಕಟ್ಟಿನಲ್ಲಿ ಉಪ್ಪೇರಿ, ನೀರು ನಿಂತು ಸವಳು-ಜವಳಾದ ಎರೆ ಭೂಮಿ ನಾನು ನೋಡಿದ್ದೇನೆ. ನವಲಗುಂದ ಕಡೆ ಒಮ್ಮೆ ಹೋಗಿ ಬನ್ನಿ, ಬಿಳಿ ಪದರ ಎದ್ದ ಹೊಲ ರಸ್ತೆಯಿಂದಲೇ ಕಾಣುತ್ತದೆ.

ಕಾಲುವೆ ಬಂದರೆ ನೀರು ನಡುವಿನ ತುಂಡಿಗೆ ಕೊಡಿ, ಅಲ್ಲಿ 80 ಸೆಂ.ಮೀ. ಕೆಳಗೆ ಗರಸು (ಸಡಿಲ ಕಲ್ಲುಮಣ್ಣು) ಇದ್ದರೆ ಬಸಿದು ಹೋಗುತ್ತದೆ. ಅಲ್ಲೂ ಬಿಟ್ಟ ನೀರು ಕೆಳಕ್ಕೆ ಹರಿಯದಂತೆ ಎರಡರ ನಡುವೆ ಅಡ್ಡಗಾಲುವೆ ತೆಗೆದು ಹಳ್ಳಕ್ಕೆ ಸೇರಿಸಿ. ಕೆಳಗಿನದಕ್ಕೆ ದೊಡ್ಡಪ್ಪನ ಪದ್ಧತಿಯೇ ಇರಲಿ: ಜೋಳ, ಕಡಲೆ, ಕುಸುಬೆ. ಕುಸುಬೆ ಉಪ್ಪನ್ನು ಸ್ವಲ್ಪ ತಡೆದುಕೊಳ್ಳುತ್ತದೆ, ಕಡಲೆ ತಡೆಯುವುದಿಲ್ಲ. ಹಾಗಾಗಿ ಕಡಲೆಯನ್ನು ಹಳ್ಳದಿಂದ ದೂರದ ಕಡೆಗೆ ಇಡಿ. ಮಾಲದಂಡಿಯವರು ಹೇಳಿದ ಎಡೆಕುಂಟೆ ಬಿಡಬೇಡಿ.

ಗುಂಡಿ ಮುಚ್ಚುವ ಮೊದಲು ನಾಲ್ಕು ಚೀಲ ಮಾದರಿ ತೆಗೆಯಿರಿ: 0–15, 15–30, 30–60, 60–90 ಸೆಂ.ಮೀ. ಕೆಳಗಿನ ಪದರದಿಂದ ಶುರು ಮಾಡಿ ಮೇಲಕ್ಕೆ ಬನ್ನಿ, ಇಲ್ಲದಿದ್ದರೆ ಮೇಲಿನ ಹುಡಿ ಕೆಳಗಿನದಕ್ಕೆ ಬೀಳುತ್ತದೆ. ಚೀಲದ ಮೇಲೆ ಆಳ ಬರೆಯಿರಿ. ಪ್ರಯೋಗಾಲಯದವರು ಪಿಎಚ್, ಲವಣಾಂಶ, ಎನ್‌ಪಿಕೆ ಬರೆದು ಕೈ ತೊಳೆದುಕೊಳ್ಳುತ್ತಾರೆ, ಇಎಸ್‌ಪಿ ಮತ್ತು ಜಿಪ್ಸಂ ಅಗತ್ಯದ ಪ್ರಮಾಣ ಬೇಕೇ ಬೇಕು ಅಂತ ಬಾಯಿ ಬಿಟ್ಟು ಕೇಳಿ. ಫಲಿತಾಂಶ ಬಂದ ಮೇಲೆ ನಾಲ್ಕೂ ಸಾಲು ಇಲ್ಲೇ ಹಾಕಿ. ಬೇಸಿಗೆ ಮುಗಿಯುವುದರೊಳಗೆ ಹಾಕಿದರೆ ಅಡ್ಡಗಾಲುವೆ ಎಲ್ಲಿ, ಎಷ್ಟು ಆಳ ಅಂತ ಹೇಳಬಹುದು. ಮಳೆ ಶುರುವಾದರೆ ಆ ಹೊಲಕ್ಕೆ ಜೆಸಿಬಿಯೂ ಇಳಿಯುವುದಿಲ್ಲ.